ಪಟ್ಟಿ ಬಿಚ್ಚಿ ಏರ್ ಬ್ಯಾಗ್ ಹಾಕಿದ ಸಿ-10: ಫೋರ್-ಲಿಂಕ್ ಕಿಟ್ ಹೇಗಿದೆ?

ಏರ್ ಸಸ್ಪೆನ್ಶನ್ ಕಿಟ್, ಅಂದ್ರೆ ಸ್ಪ್ರಿಂಗ್ ಬದಲು ಗಾಳಿ ತುಂಬಿದ ರಬ್ಬರ್ ಬ್ಯಾಗ್ ಮೇಲೆ ಗಾಡಿ ನಿಲ್ಸೋ ಸಾಮಾನು, ಅಂದ ತಕ್ಷಣ ಎಲ್ರೂ ಕೇಳೋದು ಬ್ಯಾಗ್ ಯಾವ ಕಂಪನೀದು, ಕಂಪ್ರೆಸರ್ ಎಷ್ಟು ಬೇಗ ಟ್ಯಾಂಕ್ ತುಂಬ್ಸುತ್ತೆ, ಫೋನಿಂದಾನೇ ಗಾಡಿ ಏರಿಸಿ ಇಳಿಸ್ಬಹುದಾ ಅಂತ. ಹಳೇ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿ) ಪಿಕಪ್ ಇಟ್ಕೊಂಡಿರೋರು ಇದನ್ನೆಲ್ಲ ಕೊನೇಲಿ ಕೇಳಿ ಸ್ವಾಮಿ. ಮೊದಲು ಕೇಳ್ಬೇಕಾದ್ದು, ಪಟ್ಟಿ ಬಿಚ್ಚಿದ ಮೇಲೆ ಹಿಂದಿನ ಆ್ಯಕ್ಸೆಲ್ ಹಿಡ್ಕೊಳ್ಳೋದು ಯಾವುದು? ನನ್ನ ಗಾಡಿ ಷೆವರ್ಲೆ ಸಿ-10, 1973ರಿಂದ 1987ರವರೆಗೆ ಬಂತಲ್ಲ ಆ ಚೌಕಾಕಾರದ ಬಾಡಿ, ಮುಂದೆ ಕಾಯಿಲ್ ಹಿಂದೆ ಲೀಫ್. ಇದಕ್ಕೆ ಬೋಲ್ಟ್-ಆನ್ ಅಂತ ಹೇಳಿ ಮಾರೋ ಒಂದು ಫೋರ್-ಲಿಂಕ್ (ಆ್ಯಕ್ಸೆಲ್ಲನ್ನ ನಾಲ್ಕು ರಾಡಲ್ಲಿ ಚಾಸಿಗೆ ಕಟ್ಟೋ) ಏರ್ ಕಿಟ್ ಹಿಂದಕ್ಕೆ ಹಾಕಿದೀನಿ. ಕಂಪನಿ ಹೆಸರು ಹೇಳಲ್ಲ, ಇದೇ ತರದ ಡಿಸೈನು ಬೇರೆ ಬೇರೆ ಹೆಸರಲ್ಲಿ ಸಿಗುತ್ತೆ, ಮುಕ್ಕಾಲು ಪಾಲು ಮಾತು ಎಲ್ಲಕ್ಕೂ ಅನ್ವಯ ಆಗುತ್ತೆ.

ಲೀಫ್ ಸ್ಪ್ರಿಂಗ್ ಭಾರ ಮಾತ್ರ ಹೊರಲ್ಲ. ಆ್ಯಕ್ಸೆಲ್ ಹಿಂದೆ ಮುಂದೆ ಸರಿಯದ ಹಾಗೆ, ಪಕ್ಕಕ್ಕೆ ಜಾರದ ಹಾಗೆ ಹಿಡಿಯೋದೂ ಅದೇ, ಆಕ್ಸಿಲರೇಟರ್ ಒತ್ತಿದಾಗ ಬ್ರೇಕ್ ಹಾಕಿದಾಗ ಆ್ಯಕ್ಸೆಲ್ ಹೌಸಿಂಗ್ ತಿರುಗೋಕೆ ಹೋಗುತ್ತಲ್ಲ ಅದನ್ನ ತಡೆಯೋದೂ ಅದೇ, ಮೇಲಿಂದ ಪ್ಲೇಟು ಪ್ಲೇಟು ಉಜ್ಜಾಡಿ ಒಂಚೂರು ಶಾಕ್ ಅಬ್ಸಾರ್ಬರ್ ಕೆಲಸಾನೂ ಮಾಡುತ್ತೆ. ಏರ್ ಬ್ಯಾಗ್‌ಗೆ ಇದ್ರಲ್ಲಿ ಒಂದೇ ಒಂದು ಕೆಲಸ ಬರೋದು, ಭಾರ ಹೊರೋದು. ಉಳಿದಿದ್ದೆಲ್ಲಾ ನಾಲ್ಕು ರಾಡು, ಪಕ್ಕಕ್ಕೆ ಜಾರದ ಹಾಗೆ ಹಿಡಿಯೋ ಒಂದು ಪ್ಯಾನ್‌ಹಾರ್ಡ್ ಬಾರು, ಒಂದಿಷ್ಟು ಬ್ರಾಕೆಟ್ಟು ಬುಷ್ಷು ಶಾಕು ಸೇರ್ಕೊಂಡು ಮಾಡ್ಬೇಕು. ಹಂಗಾಗಿ ದುಡ್ಡಿಗೆ ತಕ್ಕ ಮಾಲಾ ಅಂತ ನೋಡ್ಬೇಕಾಗಿರೋದು ಅಲ್ಲಿ, ಹೊಳೆಯೋ ಟ್ಯಾಂಕಲ್ಲಿ ಅಲ್ಲ.

ಕೆಲವರು ಸುಲಭದ ದಾರಿ ಹಿಡೀತಾರೆ, ಮೇನ್ ಲೀಫ್ ಒಂದನ್ನ ಉಳಿಸ್ಕೊಂಡು ಬಾಕಿ ಪ್ಲೇಟೆಲ್ಲಾ ತೆಗೆದು ಪಕ್ಕದಲ್ಲಿ ಬ್ಯಾಗ್ ಕೂರ್ಸೋದು. ನಿಂತ ಗಾಡಿ ಚೆನ್ನಾಗಿ ಕಾಣುತ್ತೆ, ಆದ್ರೆ ಒಂಟಿ ಪ್ಲೇಟು ಆ ತಿರುಗೋ ಬಲ (ಟಾರ್ಕ್) ತಡ್ಕೊಳಲ್ಲ, ಎಸ್ ಆಕಾರಕ್ಕೆ ತಿರುಚ್ಕೊಳುತ್ತೆ, ಎಳೆಯುವಾಗ ಹಿಂದಿನ ಚಕ್ರ ಕುಣಿಯೋಕೆ ಶುರು. ಇನ್ನು ಲೋಡ್ ಹಾಕೋಕೆ, ಟ್ರೇಲರ್ ಎಳೆಯೋಕೆ ಮಾತ್ರ ಬೇಕು ಅನ್ನೋರಿಗೆ ಈ ಫೋರ್-ಲಿಂಕ್ ಸಹವಾಸಾನೇ ಬೇಡ, ಪಟ್ಟಿ ಹಂಗೇ ಇಟ್ಕೊಂಡು ಪಟ್ಟಿಗೂ ಚಾಸಿಗೂ ನಡುವೆ ಕೂರೋ ಹೆಲ್ಪರ್ ಬ್ಯಾಗ್ ತಗೊಳಿ. ಏರ್ ಲಿಫ್ಟ್ ಕಂಪನಿಯ ಲೋಡ್‌ಲಿಫ್ಟರ್ 5000 ಅಂತ ಬರುತ್ತಲ್ಲ, ಆ ತರದ್ದು, 5ರಿಂದ 100 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಅಂತ ಗಾಳಿ ಒತ್ತಡದ ಅಳತೆ) ಒಳಗೆ ಕೆಲಸ ಮಾಡುತ್ತೆ, ಜೋಡಿ ಸೇರಿ 5,000 ಪೌಂಡ್‌ವರೆಗೆ ಮಟ್ಟ ಕಾಯುತ್ತೆ. ಅದನ್ನ ಹಾಕ್ದೆ ಅಂತ ಗಾಡಿ ಹೊರೋ ಗರಿಷ್ಠ ತೂಕ ಒಂದು ಕೆಜಿನೂ ಜಾಸ್ತಿ ಆಗಲ್ಲ ಅನ್ನೋದು ಮಾತ್ರ ನೆನಪಿರಲಿ. ಆ್ಯಕ್ಸೆಲ್ಲು ಬ್ರೇಕು ಟೈರು ಹಳೇವೇ ತಾನೆ.

ಸರಿ, ನಮ್ಮ ಕಿಟ್ಟಿಗೆ ಬರೋಣ. ಬೋಲ್ಟ್-ಆನ್ ಅನ್ನೋದು ಅರ್ಧ ನಿಜ. ಲಿಂಕ್ ಬ್ರಾಕೆಟ್ಟುಗಳು ಚಾಸಿಗೆ ಬೋಲ್ಟಲ್ಲೇ ಕೂರುತ್ವೆ, ಆದ್ರೆ ಅದಕ್ಕೆ ಮುಂಚೆ ಪಟ್ಟಿಯ ಹ್ಯಾಂಗರ್ ತೆಗೀಬೇಕು, ಅವು ಫ್ಯಾಕ್ಟರಿಯಲ್ಲಿ ರಿವೆಟ್ ಹೊಡೆದಿರೋವು, ಗ್ರೈಂಡರಲ್ಲಿ ತಲೆ ಹಾರಿಸಿ ಡ್ರಿಲ್ ಮಾಡಿ ಪಂಚಲ್ಲಿ ಹೊಡೆದು ತೆಗೆಯೋ ಹೊತ್ತಿಗೆ ಕೈ ಬಿದ್ದೋಗುತ್ತೆ. ಗಾಡಿ ಪೂರ್ತಿ ಕೆಳಗೆ ಕೂರ್ಬೇಕು ಅಂದ್ರೆ ಆ್ಯಕ್ಸೆಲ್ ಟ್ಯೂಬು ಚಾಸಿಗೆ ಬಡಿಯುತ್ತೆ, ಅದಕ್ಕೆ ಸಿ-ನಾಚ್ ಅಂತ ಚಾಸಿಯ ಕೆಳಭಾಗ ಅರ್ಧ ಚಂದ್ರದ ಹಾಗೆ ಕೊಯ್ದು ದಪ್ಪ ಪ್ಲೇಟ್ ಕೊಟ್ಟು ಬಲ ತುಂಬ್ಬೇಕು. ಬೆಡ್ (ಹಿಂದಿನ ಸಾಮಾನು ಹಾಕೋ ತೊಟ್ಟಿ) ಇಳಿಸದೆ ಇದನ್ನ ಮಾಡೋಕೆ ಹೋಗ್ಬೇಡಿ. ಫ್ಯುಯಲ್ ಫಿಲ್ಲರ್ ಹೋಸು, ಹಿಂದಿನ ಲೈಟಿನ ವೈರು, ಬೆಡ್ ಬೋಲ್ಟು ಬಿಚ್ಚಿ ನಾಲ್ಕು ಜನ ಹಿಡಿದ್ರೆ ಆಯ್ತು. ಈ ಮಾಡೆಲ್ಲಲ್ಲಿ ಪೆಟ್ರೋಲ್ ಟ್ಯಾಂಕು ಚಾಸಿಯ ಹೊರಬದೀಲಿ ನೇತಾಡ್ತಿರುತ್ತೆ, ಗ್ರೈಂಡರ್ ಕಿಡಿ ಹಾರೋ ದೂರದಲ್ಲೇ, ಅದನ್ನ ಮೊದಲೇ ಇಳಿಸಿ ಆಚೆ ಸಾಗಿಸಿ. ವೆಲ್ಡಿಂಗ್ ಇದ್ರೆ ಬ್ಯಾಟರಿ ಬಿಚ್ಚಿ, ಬ್ಯಾಗು ಆಮೇಲೆ ಹಾಕಿ, ಒಂದು ಕಿಡಿ ರಬ್ಬರ್ ಮೇಲೆ ಬಿದ್ರೆ ಕಥೆ ಮುಗೀತು.

ಕಬ್ಬಿಣದ ಕೆಲಸ ನಿಜವಾಗ್ಲೂ ಚೆನ್ನಾಗಿದೆ, ರಂಧ್ರಗಳು ಸರಿಯಾಗಿ ಕೂತ್ಕೊಂಡ್ವು, ಪೌಡರ್ ಕೋಟಿಂಗ್ ಗಟ್ಟಿ, ಬ್ಯಾಗು ಆ್ಯಕ್ಸೆಲ್ ಮೇಲೆ ನೇರ ಕೂರುತ್ತೆ. ಇದು ನಂಗೆ ಹಿಡಿಸಿದ ವಿಷಯ, ಯಾಕಂದ್ರೆ ಕೆಲವು ಕಿಟ್ಟಲ್ಲಿ ಬ್ಯಾಗನ್ನ ಕೆಳಗಿನ ಲಿಂಕ್ ರಾಡ್ ಮಧ್ಯೆ ಕೂರಿಸ್ತಾರೆ, ಆಗ ಚಕ್ರ ಜಾಸ್ತಿ ಆಡುತ್ತೆ ನಿಜ ಆದ್ರೆ ಸನ್ನೆಕೋಲಿನ ಲೆಕ್ಕದಲ್ಲಿ ಬ್ಯಾಗ್ ಮೇಲೆ ಭಾರ ಜಾಸ್ತಿ, ಅಷ್ಟು ಹೊರೋಕೆ ಪ್ರೆಷರ್ರೂ ಜಾಸ್ತಿ. ಲೆಕ್ಕ ಸರಳ, ಬ್ಯಾಗಿನ ಪರಿಣಾಮಕಾರಿ ವಿಸ್ತೀರ್ಣ 25 ಚದರ ಇಂಚು ಇದ್ದು ಒಳಗೆ 40 ಪಿಎಸ್ಐ ಇದ್ರೆ ಅದು ಹೊರೋದು 1,000 ಪೌಂಡು, ಅಷ್ಟೇ. ಖಾಲಿ ಪಿಕಪ್ಪಿನ ಹಿಂಭಾಗ ಹಗುರ, ಅದಕ್ಕೆ ದೊಡ್ಡ ಬ್ಯಾಗ್ ಹಾಕಿದಷ್ಟೂ ಕಡಿಮೆ ಪ್ರೆಷರಲ್ಲೇ ಓಡಿಸ್ಬಹುದು.

ಬೇಜಾರಾಗಿದ್ದು ಪ್ಯಾನ್‌ಹಾರ್ಡ್ ಬಾರ್ ನೋಡಿ. ಆ್ಯಕ್ಸೆಲ್ ಪಕ್ಕಕ್ಕೆ ಜಾರದ ಹಾಗೆ ಹಿಡಿಯೋ ಈ ರಾಡು ಒಂದು ತುದಿ ಚಾಸಿಗೆ ಇನ್ನೊಂದು ತುದಿ ಆ್ಯಕ್ಸೆಲ್ಲಿಗೆ ಕಟ್ಟಿರೋದ್ರಿಂದ ಕಂಸದ ದಾರೀಲಿ ತಿರುಗುತ್ತೆ, ಗಾಡಿ ಏರಿ ಇಳಿದ ಹಾಗೆಲ್ಲಾ ಆ್ಯಕ್ಸೆಲ್ ಒಂದು ಪಕ್ಕಕ್ಕೆ ಸರಿಯುತ್ತೆ. ಬಾರ್ ಉದ್ದ ಇದ್ದು ಓಡಿಸೋ ಎತ್ತರದಲ್ಲಿ ನೆಲಕ್ಕೆ ಸಮಾನಾಂತರ ಇದ್ರೆ ಗೊತ್ತೇ ಆಗಲ್ಲ. ಇವರು ಕೊಟ್ಟಿರೋದು ಗಿಡ್ಡ ಬಾರು. ಪೂರ್ತಿ ಇಳಿಸಿದಾಗ ಒಂದು ಕಡೆ ಟೈರು ಫೆಂಡರ್ ಒಳಗೆ ಸಿಕ್ಕೊಂಡ ಹಾಗೆ, ಇನ್ನೊಂದು ಕಡೆ ಹೊರಗೆ ಇಣುಕಿದ ಹಾಗೆ, ಬಾಯಲ್ಲಿ ಎಲೆ ಅಡಿಕೆ ಒಂದೇ ದವಡೆಗೆ ಒತ್ತಿಟ್ಟ ಹಾಗೆ ಕಾಣುತ್ತೆ ಗಾಡಿ. ಅಗಲ ಟೈರ್ ಹಾಕೋ ಪ್ಲಾನ್ ಇರೋರು ಉದ್ದದ ಬಾರೋ ಆ್ಯಕ್ಸೆಲ್ಲನ್ನ ಮಧ್ಯದಲ್ಲೇ ಹಿಡಿದಿಡೋ ವಾಟ್ಸ್ ಲಿಂಕೋ ಇರೋ ಕಿಟ್ ಹುಡುಕಿ.

ಪಿನಿಯನ್ ಆ್ಯಂಗಲ್, ಅಂದ್ರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರೋ ಆ್ಯಕ್ಸೆಲ್ ಮೂತಿಯ ಓರೆ, ಅದರ ಬಗ್ಗೆ ಬುಕ್‌ಲೆಟ್ಟಲ್ಲಿ ಒಂದೇ ಸಾಲು ಬರೆದು ಕೈ ತೊಳ್ಕೊಂಡಿದಾರೆ. ಗೇರ್‌ಬಾಕ್ಸಿನ ಔಟ್‌ಪುಟ್ ಹಿಂದಕ್ಕೆ 3 ಡಿಗ್ರಿ ಕೆಳಮುಖ ಇದ್ರೆ ಪಿನಿಯನ್ ಮುಂದಕ್ಕೆ 3 ಡಿಗ್ರಿ ಮೇಲ್ಮುಖ ಇರ್ಬೇಕು, ಎರಡೂ ಸಮಾನಾಂತರ ಇದ್ರೆ ಮಾತ್ರ ಶಾಫ್ಟಿನ ಎರಡು ತುದಿಯ ಕ್ರಾಸುಗಳ (ಯೂನಿವರ್ಸಲ್ ಜಾಯಿಂಟು) ಏರಿಳಿತ ಒಂದನ್ನೊಂದು ಹೊಡೆದು ಹಾಕೋದು, ಇಲ್ಲಾಂದ್ರೆ ಸ್ಪೀಡಲ್ಲಿ ಸೀಟಡಿ ನಡುಕ ಶುರು. ಇದನ್ನ ಅಳೆಯೋದು ಗಾಡಿ ಓಡಿಸೋ ಎತ್ತರದಲ್ಲಿ, ಭಾರ ಚಕ್ರದ ಮೇಲಿರುವಾಗ, ಜಾಕ್ ಮೇಲೆ ಆ್ಯಕ್ಸೆಲ್ ಜೋತಾಡ್ತಿರುವಾಗ ಅಲ್ಲ. ಲಿಂಕ್ ರಾಡ್ ತುದಿ ತಿರುಗಿಸಿ ಸರಿ ಮಾಡ್ಬಹುದು, ಅದೊಂದು ಒಳ್ಳೇ ಸೌಕರ್ಯ ಕೊಟ್ಟಿದಾರೆ.

ಗಾಳಿ ಕಡೆ ಹೇಳ್ಬೇಕಂದ್ರೆ ಕಂಪ್ರೆಸರ್ ಪರವಾಗಿಲ್ಲ, ಜೊತೆಗೆ ಬಂದ ಪ್ರೆಷರ್ ಸ್ವಿಚ್ 165 ಪಿಎಸ್ಐಗೆ ಆನ್ 200ಕ್ಕೆ ಆಫ್. ಕಂಪ್ರೆಸರಿಂದ ಹೊರಡೋ ಲೋಹದ ಹೆಣಿಗೆ ಇರೋ ಹೋಸ್ ಬಿಚ್ಚಿ ಪ್ಲಾಸ್ಟಿಕ್ ಪೈಪ್ ಹಾಕ್ಬೇಡಿ, ಅಲ್ಲಿಂದ ಬರೋ ಗಾಳಿ ಸಿಕ್ಕಾಪಟ್ಟೆ ಬಿಸಿ. ಪೈಪನ್ನ ಕಟಿಂಗ್ ಪ್ಲೇಯರಲ್ಲಿ ಕತ್ತರಿಸಿದ್ರೆ ತುದಿ ಅಮುಕ್ಕೊಂಡು ಫಿಟ್ಟಿಂಗಲ್ಲಿ ಲೀಕ್ ಆಗೋದು ಗ್ಯಾರಂಟಿ, ಪೈಪ್ ಕಟರ್ ಇಟ್ಕೊಂಡು ನೆಟ್ಟಗೆ ಕತ್ತರಿಸಿ, ಆಮೇಲೆ ಸೋಪಿನ ನೀರು ಹಾಕಿ ಗುಳ್ಳೆ ನೋಡಿ. ಎರಡು ಬ್ಯಾಗಿಗೂ ಒಂದೇ ಲೈನಿಂದ ಟಿ-ಜಾಯಿಂಟ್ ಹಾಕಿ ಕೊಡೋ ಅಗ್ಗದ ಕಿಟ್ ಇದಾವೆ, ತಿರುವಲ್ಲಿ ಹೊರಗಡೆ ಬ್ಯಾಗ್ ಅಮುಕಿದ ತಕ್ಷಣ ಅದರ ಗಾಳಿ ಒಳಗಡೆ ಬ್ಯಾಗಿಗೆ ನುಗ್ಗುತ್ತೆ, ಗಾಡಿ ಇನ್ನೂ ವಾಲುತ್ತೆ. ಈ ಕಿಟ್ಟಲ್ಲಿ ಬೇರೆ ಬೇರೆ ಲೈನು, ಬೇರೆ ವಾಲ್ವು, ಅದಕ್ಕೆ ಪೂರ್ತಿ ಮಾರ್ಕ್ಸ್. ಕಂಟ್ರೋಲರ್ ಪ್ರೆಷರ್ ಮಾತ್ರ ನೋಡೋದು, ಎತ್ತರ ನೋಡಲ್ಲ, ಅಂದ್ರೆ ಹಿಂದೆ ಸಾಮಾನು ಹಾಕಿದ್ರೆ ಅದೇ ಪ್ರೆಷರಲ್ಲಿ ಗಾಡಿ ಕೂತ್ಬಿಡುತ್ತೆ, ನೀವೇ ಏರಿಸ್ಬೇಕು. ಹೈಟ್ ಸೆನ್ಸರ್ ಇರೋದು ಸಿಕ್ರೆ ಅದೇ ತಗೊಳಿ.

ಲೀಕ್ ಅಂತ ಭಯ ಪಡೋರಿಗೆ ಒಂದು ಮಾತು, ಭಯ ಹಳೇದು. 1957ರಲ್ಲೇ ಕ್ಯಾಡಿಲಾಕ್ ಎಲ್ಡೊರಾಡೊ ಬ್ರೋಮಿಗೆ ಏರ್ ಸಸ್ಪೆನ್ಶನ್ ಬಂದಿತ್ತು, ಮರುವರ್ಷ ಅದರ ಒಡೆಯ ಕಂಪನಿ ಜಿಎಂ (ಜನರಲ್ ಮೋಟರ್ಸ್) ಬೇರೆ ಕಾರುಗಳಿಗೂ ಆಪ್ಶನ್ ಕೊಡ್ತು, ಕಾಟ ತಡೀಲಾರದೆ ಎಷ್ಟೋ ಜನ ಕಿತ್ತು ಕಾಯಿಲ್ ಹಾಕಿಸ್ಕೊಂಡ್ರು. ಈಗಿನ ಬ್ಯಾಗು ಹಾಳಾಗೋದು ಬಹುಪಾಲು ಉಜ್ಜಿ, ಸುತ್ತ ಒಂದಿಂಚಾದ್ರೂ ಜಾಗ ಬಿಟ್ಟು ಸೈಲೆನ್ಸರ್ ಪೈಪಿಂದ ದೂರ ಇಟ್ರೆ ತಂಟೆ ಕಡಿಮೆ. ಗಾಳಿ ಟ್ಯಾಂಕಿನ ಕೆಳಗಿನ ನಲ್ಲಿ ತೆರೆದು ಒಳಗೆ ಸೇರಿದ ನೀರು ಬಿಡೋದು ಮರೀಬೇಡಿ.

ಓಡಿಸೋಕೆ ಹೇಗಿದೆ? ಖಾಲಿ ಗಾಡೀಲಿ ಹಳೇ ಪಟ್ಟಿ ಕೊಡ್ತಿದ್ದ ಆ ಕುಕ್ಕು ಹೋಗಿದೆ, ಹಂಪ್ ದಾಟಿದಾಗ ಹಿಂದಿನ ಚಕ್ರ ಎಗರಲ್ಲ. ಆದ್ರೆ ಕಿಟ್ ಜೊತೆ ಬಂದ ಶಾಕು ಮೆತ್ತಗಿದೆ. ಪ್ಲೇಟುಗಳ ಉಜ್ಜಾಟ ಹೋದ್ಮೇಲೆ ಅಲುಗಾಟ ಹಿಡಿಯೋ ಕೆಲಸ ಪೂರ್ತಿ ಶಾಕಿನ ತಲೆ ಮೇಲೆ, ಇದು ಉದ್ದ ಅಲೆ ತರದ ರಸ್ತೇಲಿ ಒಂದೆರಡು ಸಲ ಜಾಸ್ತಿ ತೂಗಾಡುತ್ತೆ. ಅಡ್ಜಸ್ಟಬಲ್ ಶಾಕಿಗೆ ಬದಲಾಯಿಸಿದೀನಿ, ಈಗ ಸರಿ ಇದೆ, ಆ ಖರ್ಚು ಲೆಕ್ಕಕ್ಕೆ ಸೇರಿಸ್ಕೊಳಿ.

ಸ್ಟಾರ್ ಐದಕ್ಕೆ ಮೂರೂವರೆ. ಅರ್ಧ ಕಟ್ ಮಾಡಿದ್ದು ಪ್ಯಾನ್‌ಹಾರ್ಡಿಗೆ, ಇನ್ನು ಒಂದು ಬುಕ್‌ಲೆಟ್ಟಿಗೆ, ಯಾಕಂದ್ರೆ ಆ್ಯಕ್ಸೆಲ್ ಪೂರ್ತಿ ಕೆಳಗೆ ಇಳಿದಾಗ ಬ್ರೇಕ್ ಹೋಸ್ ಎಳ್ಕೊಳುತ್ತಾ ನೋಡಿ ಅಂತ ಒಂದು ಕಡೆನೂ ಬರೆದಿಲ್ಲ. ಬ್ಯಾಗ್ ಮೇಲೆ ನಿಂತಿರೋ ಗಾಡಿ ಕೆಳಗೆ ಸ್ಟ್ಯಾಂಡ್ ಇಲ್ಲದೆ ಹೋಗ್ಬೇಡಿ ಅನ್ನೋದನ್ನೂ ಕೊನೇ ಪುಟದಲ್ಲಿ ವಾರಂಟಿ ಷರತ್ತಿನ ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ ಹಾಕಿದಾರೆ.