ಕಾಲ್ಪೇಟಿ, ಕ್ಲಾರಿನೆಟ್, ತಬಲಾ: ಬಳ್ಳಾರಿಯ ಜಾಝ್ ಮೂವರನ್ನು ಕರೆಸುವ ಮುನ್ನ

ಬಳ್ಳಾರಿಯ ಈ ಹುಡುಗರ ತಂಡದಲ್ಲಿ ಬಾಸ್ (ತಗ್ಗು ಸ್ವರದ ವಾದ್ಯ) ಇಲ್ಲ, ಡ್ರಮ್ಸೂ ಇಲ್ಲ. ಬಾಸ್ ಕೆಲಸವೆಲ್ಲ ಪೇಟಿ (ಹಾರ್ಮೋನಿಯಂ) ಮಾಸ್ತರನ ಎಡಗೈಯದು. ನಾಟಕ ಕಂಪನಿಗಳ ಕಾಲ್ಪೇಟಿಯಾದ್ದರಿಂದ ಗಾಳಿ ತುಂಬುವುದು ಕಾಲು, ಎರಡೂ ಕೈ ಖಾಲಿ. ಕೈಪೇಟಿಯಲ್ಲಿ ಈ ಆಟ ನಡೆಯುವುದಿಲ್ಲ. ಬಾಸ್ ಬಿಟ್ಟು ನುಡಿಸುವುದು ಹೊಸದೇನಲ್ಲ. 1935ರಲ್ಲೇ ಅಮೆರಿಕದ ಜಾಝ್ ಮೂವರು, ಬೆನ್ನಿ ಗುಡ್‌ಮನ್ ಕ್ಲಾರಿನೆಟ್, ಟೆಡ್ಡಿ ವಿಲ್ಸನ್ ಪಿಯಾನೊ, ಜೀನ್ ಕ್ರೂಪಾ ಡ್ರಮ್ಸ್, ಇಷ್ಟರಲ್ಲೇ ಮುಗಿಸಿದ್ದರು. ಆದರೆ ಪಿಯಾನೊ ಸ್ವರ ತಾನೇ ಆರುತ್ತದೆ, ಪೇಟಿಯದು ಬೆರಳು ಎತ್ತುವ ತನಕ ನಿಂತೇ ಇರುತ್ತದೆ. ಹಾಗಾಗಿ ಬಲಗೈ ಕಾರ್ಡುಗಳನ್ನು (ಒಟ್ಟಿಗೆ ಒತ್ತುವ ಸ್ವರಗಳ ಗೊಂಚಲು) ಚುಟುಕಾಗಿ ಕಡಿಯಬೇಕು. ಇಲ್ಲಿ ಮಾಸ್ತರ ಗೆದ್ದಿದ್ದಾನೆ. ಲಯ ಏರಿದಾಗ ಮಾತ್ರ ಕೆಳಸ್ವರದ ದಪ್ಪ ರೀಡುಗಳು (ಗಾಳಿಗೆ ಅದುರುವ ಲೋಹದ ಪಟ್ಟಿಗಳು) ಬಾಯಿ ಬಿಡಲು ತಡಮಾಡಿ, ಎಡಗೈಯ ನಡಿಗೆ ಕೆಸರಾಗುತ್ತದೆ.

ಅವರ ಒಳ್ಳೆಯ ಐಟಂ ಜೋಗ್ ರಾಗದ ಮೇಲೆ ಕಟ್ಟಿದ ಬ್ಲೂಸ್. ಜೋಗ್‌ನಲ್ಲಿ ಎರಡೂ ಗಾಂಧಾರ, ಕೋಮಲ ನಿಷಾದ ಇವೆ. ಬ್ಲೂಸ್ ಕೇಳುವುದೂ ಅವನ್ನೇ. ಹನ್ನೆರಡು ಬಾರಿನ (ಬಾರ್ ಎಂದರೆ ತಾಳದ ಒಂದು ಅಳತೆ) ಲೆಕ್ಕ: ನಾಲ್ಕು ಷಡ್ಜದ ಮೇಲೆ, ಎರಡು ಮಧ್ಯಮ, ಎರಡು ಷಡ್ಜ, ಒಂದು ಪಂಚಮ, ಒಂದು ಮಧ್ಯಮ, ಕೊನೆಗೆ ಎರಡು ಷಡ್ಜ. ತಬಲಾದವನು ಪ್ರತಿ ಮಾತ್ರೆಯನ್ನೂ ಮೂರಾಗಿ ಒಡೆದು ಮೊದಲೆರಡನ್ನು ಅಂಟಿಸುತ್ತಾನೆ, ಜಾಝ್‌ನ ತೂಗುವ ನಡೆಯಾದ ಸ್ವಿಂಗ್ ಬರುತ್ತದೆ. ಹತ್ತನೇ ಬಾರಿನಲ್ಲಿ ಬಾಯಾಂ (ಎಡಗೈಯ ದಪ್ಪ ತಬಲಾ) ಮೇಲೆ ಮಣಿಕಟ್ಟು ಒತ್ತಿ ಎಳೆಯುವ ಒಂದು ಮೀಂಡ್, ಅಂದರೆ ಸ್ವರದ ಜಾರು, ಇದೆ, ಬಾಸ್ ಇಲ್ಲದ್ದು ಮರೆತೇ ಹೋಗುತ್ತದೆ.

ಶ್ರುತಿ ಕರಿ ಐದು (ಪೇಟಿಯ ಐದನೇ ಕರಿ ಮನೆ, ಅದೇ ಬಿ ಫ್ಲ್ಯಾಟ್), ಬಿ ಫ್ಲ್ಯಾಟ್ ಕ್ಲಾರಿನೆಟ್‌ಗೆ ಅದೇ ಸಲೀಸು. ಕರಿ ಒಂದರ ಸಣ್ಣ ತಬಲಾವನ್ನು ಅಷ್ಟು ಇಳಿಸಿದರೆ ಚರ್ಮ ಸಡಿಲಾಗಿ ನಾದ ಸಾಯುತ್ತದೆ, ಅದಕ್ಕೇ ದೊಡ್ಡ ಬಾಯಿಯ ತಬಲಾ.

ನಮ್ಮ ಬಿಸಿಲೇ ಇವರ ವೈರಿ. ನಲವತ್ತು ಡಿಗ್ರಿಯಲ್ಲಿ ಕ್ಲಾರಿನೆಟ್ ಶ್ರುತಿ ಮೇಲೇರುತ್ತದೆ, ಪೇಟಿಯನ್ನು ವೇದಿಕೆ ಮೇಲೆ ತಿದ್ದಲಾಗದು. ಕ್ಲಾರಿನೆಟ್ ಇಳಿಸಲು ಬ್ಯಾರಲ್ (ಬಾಯಿತುದಿಯ ಕೆಳಗಿನ ಗಿಡ್ಡ ಕೊಳವೆ) ಒಂದನ್ನೇ ಹೊರಗೆ ಎಳೆದರೆ ನಡುಗಂಟಲ ಸ್ವರಗಳು (ಮೇಲ್ತುದಿಯ ರಂಧ್ರಗಳಿಂದ ಬರುವವು) ಮಿಕ್ಕವಕ್ಕಿಂತ ಹೆಚ್ಚು ಇಳಿಯುತ್ತವೆ; ನಡುವಿನ ಜೋಡಣೆಯನ್ನೂ ಕೂದಲೆಳೆ ಬಿಡಿಸಬೇಕು. ಈ ಕ್ಲಾರಿನೆಟ್‌ನವನು ಬ್ಯಾರಲ್ ಮಾತ್ರ ಎಳೆಯುತ್ತಾನೆ, ನಿಧಾನದ ಹಾಡುಗಳಲ್ಲಿ ಸಿಕ್ಕಿಬೀಳುತ್ತಾನೆ. ಒಣಗಾಳಿಗೆ ರೀಡ್ ಆರಿ ಮೊದಲ ಹಾಡಲ್ಲೇ ಒಮ್ಮೆ ಕಿರುಚುವುದೂ ಉಂಟು. ಮರದ್ದಲ್ಲ, ಪ್ಲಾಸ್ಟಿಕ್ ಕ್ಲಾರಿನೆಟ್ ತರುವುದು ಜಾಣತನ. ಮರದ್ದು ಈ ಬಿಸಿಲಿಗೆ ಸೀಳು ಬಿಟ್ಟೀತು.

ಕರೆಸುವವರು ಸೌಂಡಿನವನಿಗೆ ಮೊದಲೇ ಹೇಳಿಡಿ: ಕ್ಲಾರಿನೆಟ್ ಮೈಕ್ ಕೆಳಗಿನ ಬಾಯಿಗಲ್ಲ, ನಡುಭಾಗಕ್ಕೆ, ಒಂದಡಿ ದೂರ. ಸ್ವರ ಹೊರಬರುವುದು ಹೆಚ್ಚಾಗಿ ರಂಧ್ರಗಳಿಂದ. ಪೇಟಿ ಕಾಲಡಿಗೆ ದಪ್ಪ ಜಮಖಾನೆ ಹಾಸದಿದ್ದರೆ ಪೆಡಲಿನ ಧಬ್ ಧಬ್ ಹಲಗೆಯ ಮೂಲಕ ಎಲ್ಲ ಮೈಕಿಗೂ ಏರುತ್ತದೆ. ಮಾಸ್ತರನಿಗೆ ತೋಳಿಲ್ಲದ ಕುರ್ಚಿ. ಸ್ಟ್ಯಾಂಡ್ ಫ್ಯಾನ್ ಮೈಕಿಗೆ ನೇರ ಬೀಸದಂತೆ ತಿರುಗಿಸಿಡಿ.

ಡಿಜೆ ಬೇಕಿರುವ ಮೆರವಣಿಗೆಗೆ ಇವರು ಆಗಿಬರುವುದಿಲ್ಲ. ಮನೆಯಂಗಳ, ಸಣ್ಣ ಹಾಲ್ ಆದರೆ ಧಾರಾಳವಾಗಿ ಕರೆಸಿ. ಕರೆಂಟ್ ಹೋದರೂ ಮೂರು ವಾದ್ಯಗಳೂ ನಿಲ್ಲುವುದಿಲ್ಲ. ಜನರೇಟರನ್ನು ಮಾತ್ರ ಮನೆ ಹಿಂದಕ್ಕೆ ತಳ್ಳಿಸಿ, ಅದರ ಗುರ್ರ್ ಸದ್ದು ಪೇಟಿಯ ಎಡಗೈಯನ್ನೇ ಮೊದಲು ನುಂಗುತ್ತದೆ.