ಕೊಡಗಿನ ಮಳೆಯಲ್ಲಿ 6 ವರ್ಷ ಬಳಸಿದ ಏರ್ ಪಿಸ್ತೂಲು

ಕೊಡವರ ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದಿನಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಪಂದ್ಯಕ್ಕೆ ಮನೆಯ ತೋಕು, ಅಂದರೆ ಬಂದೂಕು, ಇದ್ದೇ ಇದೆ. ಆದರೆ ಬಿಡುವಾದಾಗಲೆಲ್ಲ ಗುರಿ ಹಿಡಿಯಬೇಕು, ಮುಂದೆ ಮಾರಿದರೂ ಹಾಕಿದ ಹಣದ ಬಹುಪಾಲು ಮರಳಬೇಕು ಎಂದು ಲೆಕ್ಕ ಹಾಕಿ, 6 ವರ್ಷಗಳ ಹಿಂದೆ ಆಸ್ಟ್ರಿಯಾದ ಸ್ಟೈಯರ್ ಎಲ್‌ಪಿ 10 ಏರ್ ಪಿಸ್ತೂಲನ್ನು ಕೊಂಡೆ. ನಳಿಗೆಯ ಒಳ ಅಳತೆ 0.177 ಇಂಚು, ಗುಂಡಿನ ಶಕ್ತಿ 20 ಜೂಲ್ ಮೀರದ ಏರ್ ಪಿಸ್ತೂಲಿಗೆ 2016ರ ಆಯುಧ ನಿಯಮಗಳಂತೆ ಪರವಾನಗಿ ಬೇಕಿಲ್ಲವಾದ್ದರಿಂದ ಇನ್ನೊಬ್ಬರಿಗೆ ಮಾರುವುದೂ ಸುಲಭ.

ಗುರಿಯ ವಿಷಯದಲ್ಲಿ ಒಂದು ದಿನವೂ ಇದು ನನ್ನನ್ನು ನಿರಾಸೆಗೊಳಿಸಿಲ್ಲ. ಗುಂಡು ಹಾರುವಾಗಿನ ಹಿನ್ನೂಕು ಹೀರುವ ವ್ಯವಸ್ಥೆ ಒಳಗೇ ಇರುವುದರಿಂದ ಗುಂಡು ಹೊರಟ ಮೇಲೂ ಮುಂದಿನ ಗುರಿಕಡ್ಡಿ ಕಪ್ಪು ವೃತ್ತದ ಕೆಳಗೇ ನಿಂತಿರುತ್ತದೆ. 10 ಮೀಟರ್ ದೂರದ 11.5 ಮಿಲಿಮೀಟರ್ ಅಗಲದ ಹತ್ತು ಅಂಕದ ವೃತ್ತ ತಪ್ಪಿದರೆ ತಪ್ಪು ನನ್ನ ಕೈಯದೇ.

ತೊಂದರೆ ಬಂದದ್ದು ನಮ್ಮ ಹವೆಯಿಂದ ಮತ್ತು ನನ್ನ ಅಜಾಗರೂಕತೆಯಿಂದ. ಮೊದಲ ಆಷಾಢದಲ್ಲಿ, ಕಾಫಿ ಕಣ ಮಂಜಿನಲ್ಲಿ ಮುಳುಗಿದ್ದಾಗ, ಜಗಲಿಯಲ್ಲೇ ಗುಂಡನ್ನು ತಳ್ಳುವ ಗಾಳಿಯಿರುವ ಪಿಸ್ತೂಲಿನ ಸಿಲಿಂಡರಿಗೆ ಕೈಪಂಪಿನಿಂದ 200 ಬಾರ್ ಒತ್ತಡದವರೆಗೆ ಗಾಳಿ ತುಂಬುತ್ತಿದ್ದೆ. ಒದ್ದೆ ಗಾಳಿಯನ್ನು ಅಷ್ಟು ಒತ್ತಿದರೆ ಅದರಲ್ಲಿನ ನೀರು ಬೇರ್ಪಡುತ್ತದೆ ಎಂಬುದು ಹೊಳೆಯಲಿಲ್ಲ. ಎರಡೇ ತಿಂಗಳಲ್ಲಿ ಗಾಳಿ ಸೋರತೊಡಗಿತು. ಬಿಚ್ಚಿದಾಗ ಕವಾಟದ ಬಾಯಲ್ಲಿ ಕಂದು ಕಲೆ, ಪಕ್ಕದ ರಬ್ಬರ್ ಉಂಗುರದ ಮೇಲೆ ಸಾಸಿವೆಯಷ್ಟು ನೀರಹನಿ ಕಂಡಿತು. ಅಂದಿನಿಂದ ಪಂಪಿಗೆ ತೇವ ಹೀರುವ ಫಿಲ್ಟರ್ ಜೋಡಿಸಿದ್ದೇನೆ, ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಇಟ್ಟು ಬಣ್ಣ ಬದಲಾದೊಡನೆ ಬಿಸಿ ಮಾಡಿ ಒಣಗಿಸುತ್ತೇನೆ, ಮತ್ತೆ ಸೋರಿಲ್ಲ.

ಮರುಮಾರಾಟದ ಬೆಲೆಯನ್ನು ಹೆಸರಿಗಿಂತ ಹೆಚ್ಚಾಗಿ ನಿರ್ಧರಿಸುವುದು ಸಿಲಿಂಡರ್. ಅದರ ಬಳಕೆಯ ಅವಧಿ ತಯಾರಾದ ದಿನದಿಂದ 10 ವರ್ಷ, ಕೊಂಡ ದಿನದಿಂದಲ್ಲ. ನನಗೆ ಮಾರಿದ ಅಂಗಡಿಯವರ ಬಳಿ ಅದು ಒಂದು ವರ್ಷ ಸುಮ್ಮನೆ ಕುಳಿತಿತ್ತೆಂಬುದನ್ನು ಅವರು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ಹಿಡಿಕೆಯನ್ನೂ ಅರದಿಂದ ಉಜ್ಜಿ ನನ್ನ ಅಂಗೈಗೆ ಹೊಂದಿಸಿಕೊಂಡದ್ದು ಇನ್ನೊಂದು ನಷ್ಟ. ಮೂಲ ಹಿಡಿಕೆಯನ್ನು ಹಾಗೆಯೇ ಎತ್ತಿಟ್ಟು ಬೇರೊಂದನ್ನು ಕೆತ್ತಿಸಬೇಕಿತ್ತು.

ಕಳೆದ ತಿಂಗಳು ವಿರಾಜಪೇಟೆಯಿಂದ ಕೊಳ್ಳಲು ಬಂದ ಹುಡುಗ ನಳಿಗೆಯನ್ನು ನೋಡುವ ಮೊದಲೇ ಸಿಲಿಂಡರನ್ನು ಬೆಳಕಿಗೆ ತಿರುಗಿಸಿ ತಾರೀಖು ಓದಿದ, ಉಳಿದ 3 ವರ್ಷಗಳನ್ನು ಬೆರಳಲ್ಲಿ ಎಣಿಸಿದ, ಆಮೇಲೆ ಬೆಲೆ ಹೇಳಿದ. ಅದು ನ್ಯಾಯವಾದ ಬೆಲೆಯೇ ಆಗಿತ್ತು. ಆದರೂ ನಾನು ಕೊಡಲಿಲ್ಲ. ಹೊಸ ಸಿಲಿಂಡರ್ ತರಿಸಿಕೊಂಡು ಇನ್ನಷ್ಟು ಕಾಲ ನಾನೇ ಬಳಸಲಿದ್ದೇನೆ.