ಹೋಟೆಲ್ ಖಾಲಿ ಮಾಡುವ ದಿನದ ಬಗ್ಗೆ ಒಂದು ಎಚ್ಚರಿಕೆ

ಅಮೆರಿಕಕ್ಕೆ ಸ್ವಂತ ಏರ್ಪಾಡಿನಲ್ಲಿ ಪ್ರವಾಸ ಹೊರಟಿರುವ ದಂಪತಿಗಳು, ಅದರಲ್ಲೂ ಸ್ಯಾನ್ ಫ್ರಾನ್ಸಿಸ್ಕೊ ನಗರಕ್ಕೆ ಹೋಗುವವರು, ದಯವಿಟ್ಟು ಇದನ್ನು ಓದಿ ಹೊರಡಿ. ಬಾಡಿಗೆ ಕಾರಿನೊಳಗೆ, ಸೀಟಿನ ಮೇಲಾಗಲಿ ಡಿಕ್ಕಿಯಲ್ಲಾಗಲಿ, ಹತ್ತು ನಿಮಿಷದ ಮಟ್ಟಿಗೂ ಸಾಮಾನು ಬಿಡಬೇಡಿ. ನಮಗೆ ಇದನ್ನು ಮೊದಲೇ ಯಾರೂ ಹೇಳಿರಲಿಲ್ಲವೆಂದು ನಾನು ಹೇಳಲಾರೆ. ಕಾರು ನಿಲ್ಲಿಸಿದ ಜಾಗದ ಫಲಕದಲ್ಲೇ ಅದನ್ನು ಬರೆದಿದ್ದರು.

2024ರ ಸೆಪ್ಟೆಂಬರ್‌ನಲ್ಲಿ ನಾನೂ ನಮ್ಮ ಯಜಮಾನರೂ 18 ದಿನಗಳ ಪ್ರವಾಸ ಹೊರಟಿದ್ದೆವು. ಇಬ್ಬರೂ ಶಿವಮೊಗ್ಗದ ನಿವೃತ್ತ ಬ್ಯಾಂಕ್ ನೌಕರರು. ಟೂರ್ ಕಂಪನಿಯವರ ಗಡಿಬಿಡಿ ಬೇಡವೆಂದು ನ್ಯೂಯಾರ್ಕ್, ನಯಾಗರ, ಶಿಕಾಗೊ, ಸ್ಯಾನ್ ಫ್ರಾನ್ಸಿಸ್ಕೊ, ಸಿಯಾಟಲ್, ಕೊನೆಗೆ ಕೆನಡಾದ ವ್ಯಾಂಕೂವರ್ ಎಂದು ನಾವೇ ಕೂತು ದಾರಿ ಗೊತ್ತುಮಾಡಿಕೊಂಡಿದ್ದೆವು. ಊರಿಗೆ ಮರಳುವ ವಿಮಾನವೂ ವ್ಯಾಂಕೂವರ್‌ನಿಂದಲೇ ಇತ್ತು. ಮೊದಲ ಹತ್ತು ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು. ನ್ಯೂಯಾರ್ಕಿನ ಬ್ಯಾಟರಿ ಪಾರ್ಕ್ ಬಳಿ, ಲಿಬರ್ಟಿ ಪ್ರತಿಮೆಗೆ ಟಿಕೆಟ್ ಕೊಡಿಸುತ್ತೇವೆಂದು ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಬೆನ್ನುಬೀಳುವವರಿಂದ ತಪ್ಪಿಸಿಕೊಂಡು, ಪಕ್ಕದಲ್ಲೇ ಹೊರಡುವ ಸ್ಟೇಟನ್ ಐಲೆಂಡ್ ಫೆರ್ರಿ ಹತ್ತಿ, ಒಂದು ಕಾಸೂ ಕೊಡದೆ ಪ್ರತಿಮೆಯನ್ನು ದೂರದಿಂದ ಕಣ್ತುಂಬ ನೋಡಿ ಬಂದೆವು. ನಮ್ಮನ್ನು ಯಾರೂ ಏಮಾರಿಸಲಾರರು ಎಂಬ ಸಣ್ಣ ಜಂಬ ಆಗಲೇ ತಲೆಗೇರಿತ್ತು ಎಂದು ಕಾಣುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೊನೆಯ ದಿನ ಬೆಳಿಗ್ಗೆ 11 ಗಂಟೆಗೆ ಕೋಣೆ ಬಿಡಬೇಕಿತ್ತು, ಸಿಯಾಟಲ್ ವಿಮಾನ ರಾತ್ರಿ 8ಕ್ಕೆ ಇತ್ತು. ನಡುವಿನ ಹೊತ್ತನ್ನು ಹಾಳುಮಾಡುವುದೇಕೆ ಎಂದು ಆ ಒಂದು ದಿನಕ್ಕೆ ಕಾರು ಬಾಡಿಗೆಗೆ ಪಡೆದು, ಸಾಮಾನನ್ನೆಲ್ಲ ಅದರಲ್ಲಿ ತುಂಬಿ, ಒಂದೆರಡು ಜಾಗ ನೋಡಿಕೊಂಡು, ಗೋಲ್ಡನ್ ಗೇಟ್ ಸೇತುವೆ ದಾಟಿ ಬಂದು, ಹಾಗೆಯೇ ವಿಮಾನ ನಿಲ್ದಾಣಕ್ಕೆ ಹೋಗುವುದೆಂದು ನಿಶ್ಚಯಿಸಿದೆವು. ನಮ್ಮ ತಪ್ಪು ಇಲ್ಲಿಂದಲೇ ಶುರುವಾಯಿತು. ಕೋಣೆ ಬಿಟ್ಟ ಮೇಲೂ ಸಂಜೆಯವರೆಗೆ ಪೆಟ್ಟಿಗೆಗಳನ್ನು ಇಟ್ಟುಕೊಳ್ಳುತ್ತೇವೆಂದು ಹೋಟೆಲಿನವರು ತಾವಾಗಿಯೇ ಹೇಳಿದ್ದರು. ಮತ್ತೆ ಊರೊಳಗೆ ಬಂದು ಕಾರು ನಿಲ್ಲಿಸುವ ತಾಪತ್ರಯ ಯಾರಿಗೆ ಬೇಕೆಂದು ನಾವು ಒಪ್ಪಲಿಲ್ಲ. ಇನ್ನೊಂದು ತಪ್ಪು ನನ್ನದು. ಹತ್ತು ದಿನ ಬಟ್ಟೆಯೊಳಗೆ ಸೊಂಟಕ್ಕೆ ಕಟ್ಟಿಕೊಂಡಿದ್ದ ಚೀಲದಿಂದ, ಸಂಜೆ ಹೇಗೂ ನಿಲ್ದಾಣದಲ್ಲಿ ಬೇಕಾಗುತ್ತದೆಂದು, ಇಬ್ಬರ ಪಾಸ್‌ಪೋರ್ಟ್‌ಗಳನ್ನೂ ತೆಗೆದು ನನ್ನ ಕೈಚೀಲಕ್ಕೆ ಹಾಕಿಕೊಂಡಿದ್ದೆ.

ಮೊದಲು ಹೋದದ್ದು 1915ರ ಜಾಗತಿಕ ವಸ್ತುಪ್ರದರ್ಶನಕ್ಕಾಗಿ ಕಟ್ಟಿದ ಪ್ಯಾಲೇಸ್ ಆಫ್ ಫೈನ್ ಆರ್ಟ್ಸ್‌ಗೆ. ದೊಡ್ಡ ಗುಮ್ಮಟ, ಎದುರಿಗೆ ಕೊಳ, ಫೋಟೊಗೆ ಹೇಳಿ ಮಾಡಿಸಿದ ಜಾಗ. ಕಾರು ನಿಲ್ಲಿಸಿದಲ್ಲಿ, ಬೆಲೆಬಾಳುವ ವಸ್ತುಗಳನ್ನು ವಾಹನದಲ್ಲಿ ಬಿಡಬೇಡಿ ಎಂಬ ಫಲಕವಿತ್ತು. ಅದನ್ನು ಓದಿಯೇ ನಾನು ಹಿಂದಿನ ಸೀಟಿನಲ್ಲಿದ್ದ ಕೈಚೀಲದ ಮೇಲೆ ಶಾಲು ಮುಚ್ಚಿದೆ. "ಚೀಲ ತಗೊಳ್ಳಲಾ?" ಎಂದು ಕೇಳಿದ್ದಕ್ಕೆ ಅವರು, "ಒಂದು ಫೋಟೊ ತೆಗೆದು ಬರೋದಕ್ಕೆ ಅದನ್ಯಾಕೆ ಹೊರ್ತೀಯ?" ಎಂದರು. ಹದಿನೈದು ನಿಮಿಷವಾಗಿರಬಹುದು, ಅಷ್ಟೇ.

ಮರಳಿ ಬಂದಾಗ ಮುಂದಿನಿಂದ ನೋಡಿದರೆ ಕಾರಿಗೆ ಏನೂ ಆಗಿರಲಿಲ್ಲ. ಬಾಗಿಲು ತೆರೆದ ಮೇಲೆ ಸೀಟಿನ ತುಂಬ ಕಲ್ಲುಸಕ್ಕರೆ ಚೆಲ್ಲಿದಂತೆ ಗಾಜಿನ ಹರಳುಗಳು ಕಂಡವು. ಹಿಂಬದಿಯ ಸಣ್ಣ ಮೂಲೆಗಾಜನ್ನು ಮಾತ್ರ ಒಡೆದು, ಕೈ ತೂರಿಸಿ ಬಾಗಿಲು ತೆಗೆದು, ಹಿಂದಿನ ಸೀಟಿನ ಒರಗನ್ನು ಮಡಚಿ ಡಿಕ್ಕಿಯೊಳಗೆ ಇಣುಕಿದ್ದರು. ಡಿಕ್ಕಿಯಲ್ಲಿದ್ದರೆ ಭದ್ರ ಎಂಬ ನಮ್ಮ ಊರಿನ ನಂಬಿಕೆ ಅಲ್ಲಿ ನಡೆಯುವುದಿಲ್ಲ. ದೊಡ್ಡ ಪೆಟ್ಟಿಗೆ ಭಾರವೆಂದೋ ಏನೋ ಹಾಗೇ ಇತ್ತು. ಸಣ್ಣ ಪೆಟ್ಟಿಗೆಯೂ ಕೈಚೀಲವೂ ಹೋಗಿದ್ದವು. ಶಾಲನ್ನು ಮಾತ್ರ ಬಿಟ್ಟುಹೋಗಿದ್ದರು. ಕಾರಿನಲ್ಲಿ ಏನನ್ನಾದರೂ ಮುಚ್ಚಿಟ್ಟರೆ ಅಲ್ಲಿ ಬೆಲೆಯುಳ್ಳದ್ದು ಇದೆಯೆಂದು ನಾವೇ ತೋರಿಸಿಕೊಟ್ಟಂತೆ ಎಂಬುದು ಆ ಶಾಲನ್ನು ಕೊಡವುತ್ತಿದ್ದಾಗ ನನಗೆ ಹೊಳೆಯಿತು.

ಪಾಸ್‌ಪೋರ್ಟ್ ಹೋಯಿತೆಂದು ಅತ್ತೆವೇ ಹೊರತು, ಅದಕ್ಕಿಂತ ದೊಡ್ಡ ಪೇಚು ಬೇರೆಯೇ ಇದೆಯೆಂದು ಗೊತ್ತಾದದ್ದು ಅರ್ಧ ಗಂಟೆಯ ನಂತರ. ಯಜಮಾನರ ಜೇಬಿನಲ್ಲಿದ್ದ ಫೋನಿಗೆ ಅಮೆರಿಕದ ಸಿಮ್ ಹಾಕಿದ್ದೆವು. ಬ್ಯಾಂಕಿನ ಒಟಿಪಿ ಬರುವ ಭಾರತದ ಸಿಮ್ ಹಳೆಯ ಫೋನಿನಲ್ಲಿದ್ದು, ಆ ಫೋನ್ ಕೈಚೀಲದಲ್ಲಿತ್ತು. ಕಾರ್ಡುಗಳು ಅವರ ಪರ್ಸಿನಲ್ಲಿ ಉಳಿದಿದ್ದರೂ ಒಂದು ಟಿಕೆಟ್ಟನ್ನೂ ಕೊಳ್ಳಲಾಗದ ಸ್ಥಿತಿ. ಅಲ್ಲಿ ಮಧ್ಯಾಹ್ನ 12.30 ಆದಾಗ ಇಲ್ಲಿ ರಾತ್ರಿ 1 ಗಂಟೆ. ಆ ಹೊತ್ತಿನಲ್ಲಿ ನನ್ನ ತಮ್ಮನ ಮಗನನ್ನು ಎಬ್ಬಿಸಿದೆವು. ವೀಸಾ ಅರ್ಜಿ ತುಂಬಿಕೊಟ್ಟವನು ಅವನೇ ಆದ್ದರಿಂದ ಇಬ್ಬರ ಪಾಸ್‌ಪೋರ್ಟ್ ಮತ್ತು ವೀಸಾ ಪ್ರತಿಗಳು ಅವನ ಬಳಿ ಇದ್ದವು. ಮುಂದಿನ ಕೆಲಸಗಳೆಲ್ಲ ನಡೆದದ್ದು ಆ ಪ್ರತಿಗಳ ಬಲದಿಂದ.

ಪೊಲೀಸರು ಸೌಜನ್ಯದಿಂದಲೇ ದೂರು ಬರೆದುಕೊಂಡು ವರದಿಯ ಸಂಖ್ಯೆ ಕೊಟ್ಟರು. ಹುಡುಕಿಕೊಡುತ್ತೇವೆಂಬ ಆಸೆಯನ್ನೇನೂ ಹುಟ್ಟಿಸಲಿಲ್ಲ. ದೂರಿನಲ್ಲಿ ಎರಡೂ ಪಾಸ್‌ಪೋರ್ಟ್‌ಗಳ ಸಂಖ್ಯೆ ನಮೂದಾಗಿದೆಯೇ ಎಂದು ಅಲ್ಲೇ ಓದಿ ನೋಡಿ. ನಮ್ಮದರಲ್ಲಿ ಒಂದು ಬಿಟ್ಟುಹೋಗಿದ್ದರಿಂದ ಮತ್ತೊಮ್ಮೆ ಅಲೆಯಬೇಕಾಯಿತು. ಅಂದು ರಾತ್ರಿ ಆಶ್ರಯ ಕೊಟ್ಟವರು ಫ್ರೀಮಾಂಟ್‌ನಲ್ಲಿರುವ ನಮ್ಮೂರಿನ ಪರಿಚಯದ ಹುಡುಗಿ ಮತ್ತು ಅವಳ ಗಂಡ. ಅನ್ನ, ತಿಳಿಸಾರು ಬಡಿಸುತ್ತ ಅವಳು, "ಅಕ್ಕಾ, ನಾವು ಆ ಕಡೆ ಹೋದ್ರೆ ಕಾರಲ್ಲಿ ಚಾರ್ಜರ್ ವೈರ್ ಕೂಡ ಬಿಡಲ್ಲ. ಹೊರಡೋ ಮುಂಚೆ ಒಂದು ಫೋನ್ ಮಾಡೋದಲ್ವಾ?" ಎಂದಳು. ಯಾರಿಗೂ ತೊಂದರೆ ಕೊಡಬಾರದೆಂದು ನಾವು ಫೋನ್ ಮಾಡಿರಲಿಲ್ಲ.

ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಭಾರತದ ಕಾನ್ಸುಲೇಟ್ ಇರುವುದು ನಮ್ಮ ಪುಣ್ಯ. ಪೊಲೀಸ್ ವರದಿ, ಪಾಸ್‌ಪೋರ್ಟ್ ಪ್ರತಿ, ಫೋಟೊಗಳನ್ನು ಕೊಟ್ಟು ತುರ್ತು ಪ್ರಮಾಣಪತ್ರ ಪಡೆದೆವು. ಆದರೆ ಆ ಕಾಗದ ಭಾರತಕ್ಕೆ ಒಮ್ಮೆ ಮರಳುವುದಕ್ಕಷ್ಟೇ ಸಲ್ಲುತ್ತದೆ. ಅದನ್ನು ಹಿಡಿದು ಕೆನಡಾಕ್ಕೆ ಹೋಗುವಂತಿಲ್ಲ, ಕೆನಡಾದ ವೀಸಾ ಅಂಟಿಸಿದ್ದ ಪುಟವೂ ಪಾಸ್‌ಪೋರ್ಟಿನ ಜತೆಗೇ ಹೋಗಿತ್ತು. ಹೀಗೆ ಸಿಯಾಟಲ್ ಹೋಯಿತು, ವ್ಯಾಂಕೂವರ್ ಹೋಯಿತು, ಅಲ್ಲಿಂದ ಕಾದಿರಿಸಿದ್ದ ವಾಪಸು ಟಿಕೆಟ್ಟೂ ಹೋಯಿತು. ಹೊಸ ಟಿಕೆಟ್‌ಗಳನ್ನು ತಮ್ಮನ ಮಗ ಇಲ್ಲಿಂದಲೇ ಕೊಂಡ. ಇಬ್ಬರಿಗೂ ಸೇರಿ ಎರಡು ಲಕ್ಷ ರೂಪಾಯಿ ದಾಟಿತು. ಕಾರಿನವರಿಂದ ನಾವು ಕೊಂಡಿದ್ದ ವಿಮೆ ಒಡೆದ ಗಾಜಿಗೆ ಸಂಬಂಧಿಸಿದ್ದೇ ಹೊರತು ಒಳಗಿದ್ದ ಸಾಮಾನಿಗಲ್ಲ. ಪ್ರವಾಸದ ವಿಮೆಯವರು ಪಾಸ್‌ಪೋರ್ಟ್ ಶುಲ್ಕದ ಮಟ್ಟಿಗೆ ಸ್ವಲ್ಪ ಹಣ ಕೊಟ್ಟರು, ಕಾವಲಿಲ್ಲದ ವಾಹನದಲ್ಲಿ ಬಿಟ್ಟ ವಸ್ತುಗಳಿಗೆ ಪರಿಹಾರವಿಲ್ಲವೆಂಬ ಷರತ್ತನ್ನು ತೋರಿಸಿ ಉಳಿದದ್ದನ್ನು ನಿರಾಕರಿಸಿದರು. ನಲವತ್ತು ಪುಟದ ಆ ಪಾಲಿಸಿಯನ್ನು, ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಾಗದಪತ್ರ ನೋಡಿದ ನಾವಿಬ್ಬರೂ, ಹೊರಡುವ ಮುನ್ನ ಓದಿರಲಿಲ್ಲ.

ಆ ಊರಿನೊಳಗೆ ಸುತ್ತಲು ಕಾರೇ ಬೇಕಾಗಿಲ್ಲ. ಫಿಷರ್‌ಮನ್ಸ್ ವಾರ್ಫ್ ಕಡೆಯಿಂದ ಗೋಲ್ಡನ್ ಗೇಟ್ ಸೇತುವೆಯವರೆಗೆ 28ನೇ ನಂಬರಿನ ಬಸ್ಸು ಹೋಗುತ್ತದೆ. ನಾವು ಅದರಲ್ಲಿ ಹೋಗಿದ್ದರೆ ಸೇತುವೆಯನ್ನು ದೂರದಿಂದ ನೋಡಿದ್ದಕ್ಕೇ ತೃಪ್ತಿಪಡಬೇಕಾಗಿರಲಿಲ್ಲ. ಕಾರು ಬೇಕೇಬೇಕೆಂದಾದರೆ ಸಾಮಾನು ಹೋಟೆಲಿನಲ್ಲೇ ಇರಲಿ. ವಿದೇಶೀಯರು ತಮ್ಮ ನೋಂದಣಿಯ ದಾಖಲೆಯನ್ನು ಜತೆಯಲ್ಲಿ ಇಟ್ಟುಕೊಂಡಿರಬೇಕೆಂಬ ಕಾನೂನು ಅಲ್ಲಿ ಇರುವುದರಿಂದ ಪಾಸ್‌ಪೋರ್ಟ್ ಮೈಮೇಲೆಯೇ ಇರಲಿ, ಅವರವರದು ಅವರವರ ಬಳಿ. ಭಾರತದ ಸಿಮ್ ಇರುವ ಫೋನ್ ಜೇಬು ಬಿಟ್ಟು ಕದಲದಿರಲಿ.

ನಾವು ಊರಿಗೆ ಬಂದು ಮೂರು ವಾರವಾದ ಮೇಲೆ ಫ್ರೀಮಾಂಟ್‌ನ ಹುಡುಗಿ ಫೋನ್ ಮಾಡಿದಳು. ದೂರಿನಲ್ಲಿ ಅವಳ ನಂಬರ್ ಕೊಟ್ಟಿದ್ದೆವು. ಯಾವುದೋ ಬೇಲಿಯ ಬದಿಯಲ್ಲಿ ಬಿದ್ದಿದ್ದ ನನ್ನ ಕೈಚೀಲ ಸಿಕ್ಕಿತ್ತಂತೆ. ಫೋನ್ ಇರಲಿಲ್ಲ, ಎರಡು ಪಾಸ್‌ಪೋರ್ಟ್‌ಗಳೂ ನನ್ನ ಮಾತ್ರೆಗಳ ಡಬ್ಬಿಯೂ ಇದ್ದವು. ಆ ಪಾಸ್‌ಪೋರ್ಟ್‌ಗಳು ಆಗಲೇ ರದ್ದಾಗಿದ್ದವು. ಕಳುವಾಗಿದೆಯೆಂದು ಒಮ್ಮೆ ವರದಿಯಾದ ಅಮೆರಿಕದ ವೀಸಾ, ಪಾಸ್‌ಪೋರ್ಟ್ ಮರಳಿ ಸಿಕ್ಕರೂ ಊರ್ಜಿತವಾಗುವುದಿಲ್ಲ. ಚೆನ್ನೈವರೆಗೆ ಹೋಗಿ ಬೆರಳಚ್ಚು ಕೊಟ್ಟು ಪಡೆದಿದ್ದ ಹತ್ತು ವರ್ಷದ ವೀಸಾ ಅದು. ಮತ್ತೆ ಬೇಕೆಂದರೆ, 2024ರ ಆ ಹೊತ್ತಿನ ಶುಲ್ಕದಂತೆ ತಲಾ 185 ಡಾಲರ್ ಕಟ್ಟಿ ಮೊದಲಿನಿಂದ ಅರ್ಜಿ ಹಾಕಬೇಕಿತ್ತು. ಅಂಚೆಯಲ್ಲಿ ಕಳಿಸಲೇ ಎಂದು ಅವಳು ಕೇಳಿದಳು. ಬೇಡವೆಂದೆ.